ಕೊನೆಯ ಸೆಮಿಸ್ಟರಿನ ಕಾಗದಪತ್ರ

ಈ ಸಲ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅಂತಿಮ ವರ್ಷದ ವಿದ್ಯಾರ್ಥಿಗಳದ್ದು. ಪರೀಕ್ಷೆಗೆ ಹೇಗೆ ಓದಬೇಕು ಅಂತ ಒಬ್ಬರೂ ಕೇಳಿಲ್ಲ. ಅಂಕಪಟ್ಟಿ, ಪ್ರಮಾಣಪತ್ರ, ಸಾಲ, ಸಿಗ್ನಲ್ಲು, ಇವೇ ಚಿಂತೆ. ಕಾಲೇಜಿನ ಗುಮಾಸ್ತರು ಇನ್ನೂ ನಿಮ್ಮ ಮುಖ ಗುರುತು ಹಿಡಿಯುವ ಹೊತ್ತಿನಲ್ಲೇ ಇವನ್ನು ಮುಗಿಸಿಕೊಳ್ಳುವುದು ಲೇಸು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಾದ ಮೇಲೆ ಎರಡು ಇನಿಷಿಯಲ್ ಇವೆ. ಪದವಿ ಅಂಕಪಟ್ಟಿಯಲ್ಲಿ ಒಂದೇ ಇದೆ. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ, ಅಪ್ಪನ ಹೆಸರು ಪೂರ್ತಿ ಸೇರಿಕೊಂಡಿದೆ. ಮೊದಲು ಯಾವುದನ್ನು ಸರಿ ಮಾಡಿಸಲಿ? — ಅಂತಿಮ ಬಿ.ಕಾಂ. ವಿದ್ಯಾರ್ಥಿನಿ, ತೀರ್ಥಹಳ್ಳಿ

ಎಲ್ಲಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಬೇರು. ಹೆಸರು ಮತ್ತು ಹುಟ್ಟಿದ ದಿನಾಂಕಕ್ಕೆ ಎಲ್ಲರೂ ಮೊದಲು ತೆರೆದು ನೋಡುವುದು ಅದನ್ನೇ. ಅದರಲ್ಲಿರುವ ಹೆಸರು ನಿಮಗೆ ಒಪ್ಪಿಗೆಯಿದ್ದರೆ ಅದನ್ನು ಮುಟ್ಟಬೇಡಿ, ಉಳಿದವನ್ನೆಲ್ಲ ಅದಕ್ಕೆ ಹೊಂದಿಸಿ. ಅದರಲ್ಲೇ ತಪ್ಪಿದ್ದರೆ ಓದಿದ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು. ಅದು ನಿಧಾನದ ಕೆಲಸ, ಇವತ್ತೇ ಶುರುಮಾಡಿ.

ಎರಡನೆಯದು ಪದವಿ ಅಂಕಪಟ್ಟಿ. ಕಾಲೇಜಿನ ಕಚೇರಿಗೆ ಅರ್ಜಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸು, ಈವರೆಗಿನ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಕೊಟ್ಟು, ಪ್ರಾಂಶುಪಾಲರ ಪತ್ರದೊಂದಿಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಕಳಿಸಬೇಕು. ಇದನ್ನು ಕೊನೆಯ ಸೆಮಿಸ್ಟರಿನ ಪರೀಕ್ಷಾ ಅರ್ಜಿ ತುಂಬುವ ಮೊದಲೇ ಮಾಡಿದರೆ ಘಟಿಕೋತ್ಸವದ ಪದವಿ ಪ್ರಮಾಣಪತ್ರ ಸರಿಯಾದ ಹೆಸರಿನಲ್ಲೇ ಅಚ್ಚಾಗುತ್ತದೆ. ಅಚ್ಚಾದ ಮೇಲೆ ತಿದ್ದಿಸಲು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಎಷ್ಟು ಸಲ ಬಸ್ಸು ಹತ್ತಬೇಕಾದೀತು ಅಂತ ನಿಮ್ಮ ಸೀನಿಯರುಗಳನ್ನೇ ಕೇಳಿ.

ಮೂರನೆಯದು ಆಧಾರ್. ಹೆಚ್ಚಿನವರು ಎಡವುವುದು ಇಲ್ಲೇ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನವರು ಹೇಳಿದರು ಅಂತ ಗಡಿಬಿಡಿಯಲ್ಲಿ ಹೋಗಿ ಬಾಯಲ್ಲಿ ಹೆಸರು ಹೇಳಿ, ಆಪರೇಟರ್ ಟೈಪ್ ಮಾಡಿದ್ದನ್ನು ನೋಡದೆ ಸಹಿ ಹಾಕಿ ಬಂದರೆ ಒಂದು ಅವಕಾಶ ಮುಗಿಯಿತು. ಮೂಲ ದಾಖಲೆಯನ್ನೇ ಒಯ್ಯಿರಿ, ಜೆರಾಕ್ಸು ನಡೆಯದು. ರಸೀದಿ ಮುದ್ರಿಸುವ ಮೊದಲು ಪರದೆಯ ಮೇಲಿನ ಕನ್ನಡ, ಇಂಗ್ಲಿಷ್ ಎರಡೂ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಓದಿ. ‘ಗೌಡ’ದ ಕೊನೆಗೆ ಇಂಗ್ಲಿಷಿನಲ್ಲಿ ‘ಎ’ ಇದೆಯೇ ಇಲ್ಲವೇ, ಇನಿಷಿಯಲ್ ಹೆಸರಿನ ಮುಂದಿದೆಯೇ ಹಿಂದಿದೆಯೇ, ಚುಕ್ಕಿಯಿದೆಯೇ. ಇಷ್ಟೇ ಇಷ್ಟು ವ್ಯತ್ಯಾಸಕ್ಕೆ ಡಿಜಿಲಾಕರ್ ಅಂಕಪಟ್ಟಿ ಕೊಡುವುದಿಲ್ಲ, ನೌಕರಿಗೆ ಸೇರಿದ ಮೇಲೆ ಪಿಎಫ್ ಖಾತೆ ಜೋಡಣೆಯಾಗುವುದಿಲ್ಲ.

ಪ್ಯಾನ್ ಮತ್ತು ಬ್ಯಾಂಕು ಆಮೇಲೆ. ಬ್ಯಾಂಕಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎಸ್ಸೆಸ್ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ಮೂಲಕ ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ಮತ್ತು ಹಾಗೆ ಜೋಡಣೆಯಾಗಿರುವ ಖಾತೆ ಯಾವಾಗಲೂ ಒಂದೇ: ಕಡೆಯದಾಗಿ ಜೋಡಿಸಿದ್ದು. ಕ್ಯಾಂಪಸ್ ಸಂದರ್ಶನದ ಕಂಪನಿ ಹೇಳಿತು ಅಂತ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ, ಕೊನೆಯ ವರ್ಷದ ಸ್ಕಾಲರ್‌ಶಿಪ್ ಸದ್ದಿಲ್ಲದೆ ಆ ಖಾತೆಗೆ ಹೋಗಿ ಕೂತಿರುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ‘ಬಂದಿಲ್ಲ, ಬಂದಿಲ್ಲ’ ಅಂತ ಅಲೆಯುವವರಲ್ಲಿ ಕೆಲವರ ದುಡ್ಡು ಹೀಗೇ ಬೇರೆ ಕಡೆ ಬಂದಾಗಿರುತ್ತದೆ.

ಪ್ರಶ್ನೆ: ಒಂದರಿಂದ ಏಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಎಂಟರಿಂದ ಹತ್ತು ಹೊಸನಗರದಲ್ಲಿ ಓದಿದ್ದೇನೆ. ಎಲ್ಲವೂ ಕನ್ನಡ ಮಾಧ್ಯಮ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎರಡೂ ಸಿಗುತ್ತವೆಯೇ? — ಅಂತಿಮ ಬಿ.ಎ., ಹೊಸನಗರ ತಾಲ್ಲೂಕು

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. ಎರಡಕ್ಕೂ 1ರಿಂದ 10ನೇ ತರಗತಿಯ ಓದೇ ಆಧಾರ. ಕನ್ನಡ ಮಾಧ್ಯಮದ್ದು ನಿಮಗೆ ಸಿಗುತ್ತದೆ. ಗ್ರಾಮೀಣದ್ದು ಸಿಗುವುದಿಲ್ಲ.

ಕಾರಣ ಬೇಸರದ್ದೇ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆ ಗ್ರಾಮೀಣ ಅಲ್ಲ. ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ನೋಡಲು ಎಷ್ಟೇ ಸಣ್ಣ ಊರಾಗಿರಲಿ, ಪಟ್ಟಣ ಪಂಚಾಯಿತಿಗಳು. ಹಳ್ಳಿಯಿಂದ ದಿನಾ ನಡೆದು ಬಂದು ಅಲ್ಲಿ ಹೈಸ್ಕೂಲು ಓದಿದವರಿಗೂ ಈ ಮೀಸಲಾತಿ ತಪ್ಪುತ್ತದೆ, ಯಾಕೆಂದರೆ ಲೆಕ್ಕಕ್ಕೆ ಬರುವುದು ಮನೆಯಿರುವ ಜಾಗವಲ್ಲ, ಶಾಲೆಯಿರುವ ಜಾಗ. ಸುಳ್ಳು ದೃಢೀಕರಣ ಮಾಡಿಸಿಕೊಂಡರೆ ದಾಖಲೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ.

ಪೂರ್ತಿ ಹಳ್ಳಿಯಲ್ಲೇ ಓದಿದ ಬೇರೆ ಓದುಗರಿಗಾಗಿ ಹೇಳುವುದಾದರೆ, ಗ್ರಾಮೀಣ ಪ್ರಮಾಣಪತ್ರಕ್ಕೆ ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುರುಜು ಬೇಕು. ಎರಡು ಶಾಲೆಯಾದರೆ ಎರಡು ಪತ್ರ. ಅಧಿಸೂಚನೆಯ ಜೊತೆ ಬರುವ ನಮೂನೆಯಲ್ಲೇ ಇರಬೇಕು. ಅರ್ಜಿಯ ಕಡೇ ದಿನಾಂಕದ ನಂತರದ ತಾರೀಖು ಬಿದ್ದ ಪತ್ರ ತಿರಸ್ಕಾರವಾಗುತ್ತದೆ. ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಲೆಕ್ಕವಿಲ್ಲ. ನಿಮ್ಮದೂ ಮುಚ್ಚಿದ್ದರೆ ಅದರ ದಾಖಲಾತಿ ಪುಸ್ತಕ ಯಾವ ಶಾಲೆಗೆ ಹೋಗಿದೆ ಅಂತ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಅಧಿಸೂಚನೆ ಬರಲಿ ಅಂತ ಕಾಯಬೇಡಿ. ಪುಸ್ತಕ ಎಲ್ಲಿದೆ ಅಂತ ಪತ್ತೆ ಹಚ್ಚಲಿಕ್ಕೇ ವಾರಗಟ್ಟಲೆ ಹಿಡಿಯಬಹುದು.

ಪ್ರಶ್ನೆ: ಹೋದ ಮಳೆಗಾಲದಲ್ಲಿ ಅಣ್ಣನ ಅಂಕಪಟ್ಟಿಗಳಿಗೆ ಬೂಷ್ಟು ಹಿಡಿಯಿತು. ನನ್ನವನ್ನು ಲ್ಯಾಮಿನೇಶನ್ ಮಾಡಿಸಿಬಿಡಲೇ? — ಅಂತಿಮ ಬಿ.ಎಸ್ಸಿ., ಆಗುಂಬೆ ಹತ್ತಿರದ ಹಳ್ಳಿ

ಬೇಡ. ಮೂಲ ಅಂಕಪಟ್ಟಿಗೆ ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಚ್ಚಲು ಬರುವುದಿಲ್ಲ. ಹೊಲೋಗ್ರಾಮ್, ಒತ್ತುಮುದ್ರೆ, ನೀರುಗುರುತು ಇವನ್ನು ಬೆರಳಲ್ಲಿ ಮುಟ್ಟಿ, ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ. ಪ್ಲಾಸ್ಟಿಕ್ಕಿನೊಳಗೆ ಹೋದರೆ ಅದು ಆಗದು. ಮುಂದೆ ವಿದೇಶಕ್ಕೆ ಹೋಗುವುದಾದರೆ ದೃಢೀಕರಣದ ಮುದ್ರೆ ಅಥವಾ ಸ್ಟಿಕ್ಕರ್ ಬೀಳುವುದು ಪ್ರಮಾಣಪತ್ರದ ಬೆನ್ನಿಗೇ. ಅದೂ ಅಲ್ಲದೆ ಕಾಗದದೊಳಗೆ ಪಸೆ ಇರುವಾಗಲೇ ಲ್ಯಾಮಿನೇಶನ್ ಮಾಡಿದರೆ ಬೂಷ್ಟು ಒಳಗೇ ಬೆಳೆಯುತ್ತದೆ.

ಬೂಷ್ಟಿಗೆ ನೀರು ಸೋರಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ. 70ರ ಸುತ್ತಮುತ್ತ ಹಲವು ದಿನ ನಿಂತರೆ ಸಾಕು, ಕಾಗದ ಅದನ್ನು ಹೀರಿಕೊಂಡು ಬೂಷ್ಟಿಗೆ ಮನೆ ಮಾಡಿಕೊಡುತ್ತದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಹಾಗಾಗಿ ಕಾಗದಕ್ಕೆ ಗಾಳಿಯೇ ತಾಗದ ಹಾಗೆ ಮಾಡಬೇಕು.

ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ, ಬಿಗಿಯಾಗಿ ಕೂರುವ ಅಗಲದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಎ4 ಕಾಗದ ಮಡಿಸದೆ ಹಿಡಿಯುವಂಥದ್ದು. ಒಳಗೆ 100 ಗ್ರಾಂ ಸಿಲಿಕಾ ಜೆಲ್ ಅನ್ನು ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿಡಿ. ಬಣ್ಣ ಬದಲಾಗುವ ಜಾತಿಯದನ್ನೇ ಕೇಳಿ ತೆಗೆದುಕೊಳ್ಳಿ: ಕಿತ್ತಳೆ ಹರಳು ಹಸಿರಾದರೆ ನೀರು ಕುಡಿದು ತುಂಬಿದೆ ಅಂತ ಅರ್ಥ. ಆಗ ಹರಳನ್ನು ಹಳೇ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಬಣ್ಣ ಮರಳುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಉಪ್ಪು, ಅಕ್ಕಿ ಹಾಕಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮಳೆಗಾಲದಲ್ಲಿ ಉಪ್ಪು ತಾನೇ ನೀರಾಗಿ ಕಾಗದಕ್ಕೆ ಇಳಿಯುತ್ತದೆ.

ಡಬ್ಬಿಗೆ ತುಂಬುವ ದಿನ ಮುಖ್ಯ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿನ ಮಧ್ಯಾಹ್ನ, ಅಂಕಪಟ್ಟಿಗಳನ್ನು ನೆರಳಲ್ಲಿ ಎರಡು ಗಂಟೆ ಹರಡಿ ಆಮೇಲೆ ಮುಚ್ಚಿ. ಜುಲೈನಲ್ಲಿ ತುಂಬಿದರೆ ತೇವವನ್ನೇ ಬಂಧಿಸಿದ ಹಾಗಾಗುತ್ತದೆ. ಒಂದೊಂದಕ್ಕೂ ಕವರ್ ಹಾಕುವುದಾದರೆ ಮೆತ್ತಗೆ, ವಾಸನೆ ಬರುವ ಪಿವಿಸಿ ಕವರ್ ಬೇಡ. ಲೇಸರ್ ಪ್ರಿಂಟಿನ ಅಕ್ಷರ ಅದಕ್ಕೆ ಅಂಟಿ ಎದ್ದು ಬರುತ್ತದೆ. ಪಾಲಿಪ್ರೊಪಿಲೀನ್‌ನ ಗರಿಗರಿ ಕವರ್ ಆಗಬಹುದು. ಕಬ್ಬಿಣದ ಟ್ರಂಕನ್ನು ನೆಲಕ್ಕೆ ತಾಗಿಸಿಟ್ಟರೆ ತಳ ಬೆವರಿ ತುಕ್ಕು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಅಲ್ಲಿ ಹೊಗೆ ಕುಡಿದ ಕಾಗದ ಕೆಲವೇ ವರ್ಷದಲ್ಲಿ ಕಂದಾಗಿ ಮಡಿಕೆಯಲ್ಲಿ ಮುರಿಯುತ್ತದೆ.

ಅಣ್ಣನ ಅಂಕಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಹರಡುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮೆತ್ತನೆಯ ಬಣ್ಣದ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿ. ರಿಜಿಸ್ಟರ್ ಸಂಖ್ಯೆಯೋ ಸಹಿಯೋ ಅಳಿಸಿದ್ದರೆ ನಕಲು ಅಂಕಪಟ್ಟಿಗೆ ಅರ್ಜಿ ಹಾಕುವುದೇ ದಾರಿ.

ಪ್ರಶ್ನೆ: ಇಂಜಿನಿಯರಿಂಗ್‌ಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ ಮಾಡಿದ್ದೇವೆ. ಕಂತು ಓದು ಮುಗಿದು ಒಂದು ವರ್ಷದ ಮೇಲೆ ಶುರು. ಅಲ್ಲಿಯವರೆಗೆ ಸುಮ್ಮನಿರಬಹುದೇ? ಅಪ್ಪನಿಗೆ ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ. — ಎಂಟನೇ ಸೆಮಿಸ್ಟರ್, ಸಾಗರ ತಾಲ್ಲೂಕು

ಸುಮ್ಮನಿರಲು ಅವಕಾಶವಿದೆ, ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಶೇ. 10ರ ಸರಳ ಬಡ್ಡಿ ಅಂತಿಟ್ಟುಕೊಂಡು ಲೆಕ್ಕ ಹಾಕೋಣ. ಮೊದಲ ವರ್ಷ ಪಡೆದ ಲಕ್ಷಕ್ಕೆ ಕಂತು ಶುರುವಾಗುವ ಹೊತ್ತಿಗೆ ಐದು ವರ್ಷದ ಬಡ್ಡಿ 50,000. ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಇದು ಅಸಲಿಗೆ ಸೇರಿ ಸಾಲ 5,40,000 ಆಗುತ್ತದೆ, ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,136 ರೂಪಾಯಿ. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ ಇದೇ ಕಂತು 5,286 ಆಗಿರುತ್ತಿತ್ತು.

ಹೋದದ್ದು ಹೋಯಿತು. ಈ ಸಲದ ಅಡಿಕೆ ದುಡ್ಡಿನಲ್ಲಿ ಒಂದು ಲಕ್ಷವನ್ನು ಕಂತು ಶುರುವಾಗುವ ಹೊತ್ತಿಗೆ ಸಾಲಕ್ಕೆ ಹಾಕಿದರೆ ಉಳಿಯುವುದು 4,40,000. ಈಗ ಬ್ಯಾಂಕಿನವರು ಕಂತು ಇಳಿಸಿ ಕೊಡುತ್ತೇವೆ ಅನ್ನಬಹುದು. ಒಪ್ಪಬೇಡಿ. ಕಂತು 7,136 ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಅಂತ ಬರೆದು ಕೊಡಿ. 120 ತಿಂಗಳ ಸಾಲ 87 ತಿಂಗಳಿಗೆ ಮುಗಿಯುತ್ತದೆ. ಸಂಬಳ ಸಾಲದಿದ್ದರೆ ಮಾತ್ರ ಕಂತು ಇಳಿಸಿಕೊಳ್ಳಿ. ಬಡ್ಡಿದರ ಏರಿಳಿಯುವ ಜಾತಿಯದಾಗಿದ್ದರೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ.

ಹಾಗೆಯೇ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಸಾಲ ಪಡೆಯುವಾಗಲೇ ಆದಾಯ ಪ್ರಮಾಣಪತ್ರ ಕೊಟ್ಟಿದ್ದರೆ, ಕಂತಿಲ್ಲದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಗೆ ನಿಮ್ಮ ಸಾಲ ಸೇರಿರಬಹುದು. ಸೇರಿದ್ದರೆ ಮೇಲಿನ 1,40,000ದ ಗಾಬರಿಯೇ ಬೇಡ.

ಪ್ರಶ್ನೆ: ಮುಂದಿನ ತಿಂಗಳು ಆನ್‌ಲೈನ್ ಸಂದರ್ಶನವಿದೆ. ಮನೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಮಳೆ ಬಂದರೆ ಕರೆಂಟೂ ಇಲ್ಲ. — ಕೊಪ್ಪ

ತಾಲ್ಲೂಕು ಕೇಂದ್ರದಲ್ಲಿ ನೆಂಟರ ಮನೆಯೋ ಕಾಲೇಜಿನ ಕೊಠಡಿಯೋ ಸಿಕ್ಕರೆ ಹಿಂದಿನ ದಿನವೇ ಅಲ್ಲಿಗೆ ಹೋಗಿಬಿಡಿ. ಮನೆಯಲ್ಲೇ ಆಗಬೇಕಿದ್ದರೆ, ಸಂದರ್ಶನದ ಸಮಯಕ್ಕೇ ಮೂರು ದಿನ ವೇಗ ಅಳೆಯಿರಿ. ನೋಡಬೇಕಾದ್ದು ಅಪ್‌ಲೋಡ್ ವೇಗ. ಅದು ಅಲುಗಾಡದೆ 2 ಎಂಬಿಪಿಎಸ್ ಸಿಕ್ಕರೆ ಸಾಕು. ಬೇರೆ ಕಂಪನಿಯ ಸಿಮ್ ಹಾಕಿದ ಇನ್ನೊಂದು ಫೋನ್ ಹಾಟ್‌ಸ್ಪಾಟ್ ಆನ್ ಮಾಡಿ ಪಕ್ಕದಲ್ಲಿರಲಿ. ಫೈಬರ್ ಇರುವ ಮನೆಯಾದರೆ ರೂಟರಿಗೆ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ ಕೂರಿಸಿ. ಲ್ಯಾಪ್‌ಟಾಪು ಚಾರ್ಜಿನಲ್ಲಿದ್ದರೂ ರೂಟರ್ ಆರಿದರೆ ಎಲ್ಲ ಆರಿದಂತೆ.

ನೆಟ್‌ವರ್ಕ್‌ನಷ್ಟೇ ಕಾಟ ಕೊಡುವುದು ಶೀಟಿನ ಮಾಡು. ತಗಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಎದುರಿನವರಿಗೆ ನಿಮ್ಮ ಮಾತು ಕೇಳುವುದೇ ಇಲ್ಲ. ಹೆಂಚಿನ ಅಥವಾ ತಾರಸಿಯ ಒಳಕೋಣೆ ಹಿಡಿಯಿರಿ, ವೈರಿರುವ ಇಯರ್‌ಫೋನ್ ಬಳಸಿ. ಮಳೆ ದಿನ ಮೂರು ಗಂಟೆಗೇ ಕತ್ತಲು. ಮುಖಕ್ಕೆ ಎದುರಾಗಿ ಚಾರ್ಜಿನ ದೀಪವಿರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಹಿಂದಿನ ದಿನ ಕಂಪನಿಯವರಿಗೆ ಒಂದು ಸಾಲಿನ ಮೇಲ್ ಹಾಕಿ: ಕರೆ ಕಡಿದುಹೋದರೆ ಈ ಸಂಖ್ಯೆಗೆ ಫೋನ್ ಮಾಡಿ. ಮೊದಲೇ ಹೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಯುವನಿಧಿಗೆ ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಬಹುದೇ? — ಭದ್ರಾವತಿ

ಇಲ್ಲ. ಪಾಸಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಆಮೇಲೆ ಸೇವಾಸಿಂಧುವಿನಲ್ಲಿ ಅರ್ಜಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಎಂ.ಎ., ಬಿ.ಇಡಿ. ಅಂತ ಓದು ಮುಂದುವರಿಸಿದವರಿಗೆ ಇಲ್ಲ. ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂಘೋಷಣೆಯನ್ನು ಕಾಲಕಾಲಕ್ಕೆ ಕೊಡಬೇಕು, ಮರೆತರೆ ಹಣ ನಿಲ್ಲುತ್ತದೆ.

ಪ್ರಶ್ನೆ: ಮರುಮೌಲ್ಯಮಾಪನಕ್ಕೆ ಹಾಕಿದ್ದೇನೆ. ಮರುಪರೀಕ್ಷೆಯ ಶುಲ್ಕವನ್ನೂ ಕಟ್ಟಬೇಕೇ? — ಶಿವಮೊಗ್ಗ

ಕಟ್ಟಿ. ಮರುಮೌಲ್ಯಮಾಪನದ ಫಲಿತಾಂಶ ಬರುವ ಮೊದಲೇ ಶುಲ್ಕದ ಕಡೇ ದಿನ ಮುಗಿಯುವುದುಂಟು, ಆಗ ಮುಂದಿನ ಪರೀಕ್ಷೆಗೆ ಕಾಯಬೇಕು. ಉತ್ತರಪತ್ರಿಕೆಯ ನಕಲು ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಒಳಪುಟದ ಅಂಕಗಳು ಮುಖಪುಟದ ಕೋಷ್ಟಕಕ್ಕೆ ಸರಿಯಾಗಿ ಇಳಿದಿವೆಯೇ ಅನ್ನುವುದನ್ನು, ಆಮೇಲೆ ಅಂಕವೇ ಬೀಳದೆ ಉಳಿದ ಉತ್ತರ ಯಾವುದಾದರೂ ಇದೆಯೇ ಅನ್ನುವುದನ್ನು.