ಸಂಪಾದಕರ ಉತ್ತರ: ಬಾರಿನ ಅಂಗಳದಲ್ಲಿ ಚರ್ಚಿನ ಚಪ್ಪಾಳೆ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಐವರು ಯುವಕ ಯುವತಿಯರ ಬ್ಯಾಂಡಿನ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ ತಾವು ಹರಿಹರದಿಂದ ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಚರ್ಚಿನ ಗಾನವೃಂದದಲ್ಲಿ ಹಾಡು ಕಲಿತವರು ವಾರಕ್ಕೊಮ್ಮೆ ಪಿ.ಬಿ. ರಸ್ತೆಯ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿಯೂ ಆಗಾಗ ಬೆಂಗಳೂರಿನ ನೈಟ್‌ಕ್ಲಬ್ಬುಗಳಲ್ಲಿಯೂ ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಸಂಗೀತ) ಧಾಟಿಯಲ್ಲಿ ಹಾಡುವುದು ದೇವರ ಹಾಡನ್ನು ಮದ್ಯದ ಮೇಜಿನ ಮೇಲೆ ಇಟ್ಟಂತೆ ಎಂಬುದು ತಮ್ಮ ಮೊದಲ ಆಕ್ಷೇಪ. ಅಮೆರಿಕದ ಸಂಗೀತಕ್ಕೂ ಬೆಣ್ಣೆ ದೋಸೆಯ ಊರಿಗೂ ಏನು ನಂಟು ಎಂಬುದು ಎರಡನೆಯದು. ಶನಿವಾರ ರಾತ್ರಿ ಅಲ್ಲಿ ಹಾಡಿದವರು ಭಾನುವಾರ ಬೆಳಿಗ್ಗೆ ದೇವರ ಮುಂದೆ ಹೇಗೆ ನಿಲ್ಲುತ್ತಾರೆ ಎಂಬ ಪ್ರಶ್ನೆಯೊಂದಿಗೆ ಪತ್ರ ಮುಗಿದಿದೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ಬಾರಿನಲ್ಲಿ ಭಜನೆ’ ಎಂಬ ತಲೆಬರಹವನ್ನು ಕೊಟ್ಟವನು ನಾನೇ. ಲೇಖಕರಿಗೆ ಅದರಲ್ಲಿ ಪಾಲಿಲ್ಲ. ಪ್ರಾಸದ ಚಪಲಕ್ಕೆ ಬಿದ್ದು, ಅವರು ಹಾಡದೇ ಇರುವುದನ್ನು ಹಾಡುತ್ತಾರೆಂದು ನಾನು ಓದುಗರನ್ನು ನಂಬಿಸಿದಂತಾಯಿತು. ತಮ್ಮ ಪತ್ರ ಬಂದ ಮೇಲೆ, ಮೊದಲೇ ಮಾಡಬೇಕಿದ್ದ ಕೆಲಸವನ್ನು ತಡವಾಗಿಯಾದರೂ ಮಾಡೋಣವೆಂದು ಒಂದು ಶನಿವಾರ ಸಂಜೆ ಅಲ್ಲಿಗೆ ಹೋಗಿ ಅವರು ಮುಗಿಸುವವರೆಗೆ ಕುಳಿತು ಕೇಳಿದೆ.

ಅವರು ಬಾರಿನಲ್ಲಿ ಪ್ರಾರ್ಥನೆಯನ್ನು ಹಾಡುವುದಿಲ್ಲ. ಚರ್ಚಿನ ಗೀತೆಯ ಒಂದು ಸಾಲನ್ನೂ ನಾನು ಅಲ್ಲಿ ಕೇಳಲಿಲ್ಲ. ಅವರ ಮುಖ್ಯವಾದ ಹಾಡು, ಗಿಟಾರ್ ನುಡಿಸುವ ಹುಡುಗನೇ ಕನ್ನಡದಲ್ಲಿ ಬರೆದದ್ದು, ಹತ್ತಿ ಗಿರಣಿ ಮುಚ್ಚಿದ ಮೇಲೆಯೂ ಪಾಳಿಯ ಹೊತ್ತಿಗೆ ಸರಿಯಾಗಿ ಎಚ್ಚರಗೊಳ್ಳುತ್ತಿದ್ದ ಅವನ ತಾತನನ್ನು ಕುರಿತದ್ದು. ಅವರು ಗಾಸ್ಪೆಲ್ಲಿನಿಂದ ತೆಗೆದುಕೊಂಡಿರುವುದು ಹಾಡುವ ಕ್ರಮವನ್ನು. ಗಾಯಕಿ ಒಂದು ಸಾಲನ್ನು ಎಸೆಯುತ್ತಾಳೆ, ಉಳಿದವರು ಅದಕ್ಕೆ ಒಕ್ಕೊರಲಿನಿಂದ ಓಗೊಡುತ್ತಾರೆ. ಕೀಬೋರ್ಡಿನಲ್ಲಿ ಆರ್ಗನ್ನಿನ ನಾದ ಕೆಳಗೆ ಹರಿಯುತ್ತಿರುತ್ತದೆ. ಕೊನೆಗೆ ಒಂದೇ ಚಿಕ್ಕ ಮಾತನ್ನು ಹಿಡಿದುಕೊಂಡು, ಪ್ರತಿ ಸುತ್ತಿನಲ್ಲಿಯೂ ಬಿಸಿಯನ್ನು ಏರಿಸುತ್ತ ಹೋಗುತ್ತಾರೆ. ಊರಿನ ಭಜನಾ ಮೇಳದಲ್ಲಿ ಮುಮ್ಮೇಳದವರು ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಂಡು, ತಾಳವನ್ನು ದುಗುಣಕ್ಕೆ ಏರಿಸಿ, ದಮಡಿ ಹಿಡಿದವರು ಎದ್ದು ನಿಲ್ಲುವ ಆ ಗಳಿಗೆಯನ್ನು ತಾವು ಬಲ್ಲಿರಿ. ಕಿವಿಗೆ ಎರಡೂ ದೂರದ ನೆಂಟರಂತೆ ಕೇಳುತ್ತವೆ. ವ್ಯತ್ಯಾಸ ಚಪ್ಪಾಳೆಯಲ್ಲಿದೆ. ನಾವು ತಾಳದ ಮೊದಲ ಪೆಟ್ಟಿಗೆ ಕೈ ತಟ್ಟುವವರು. ಗಾಸ್ಪೆಲ್ಲಿನಲ್ಲಿ ನಾಲ್ಕು ಎಣಿಕೆಯ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ತಟ್ಟುತ್ತಾರೆ. ಅಂದು ಮೇಜುಗಳಿಂದ ಬಂದ ಚಪ್ಪಾಳೆಯೆಲ್ಲ ತಪ್ಪು ಜಾಗದಲ್ಲಿಯೇ ಬೀಳುತ್ತಿತ್ತು, ಡ್ರಮ್ಸ್ ನುಡಿಸುವ ಹುಡುಗ ನಗುತ್ತಲೇ ಸಹಿಸಿಕೊಂಡ.

ಇನ್ನು ಬಾರು ಮತ್ತು ಚರ್ಚಿನ ವಿಚಾರ. ತಮ್ಮ ಆಕ್ಷೇಪ ಆ ಸಂಗೀತದಷ್ಟೇ ಹಳೆಯದು, ಮತ್ತು ಅದನ್ನು ಮೊದಲು ಎದುರಿಸಿದವರು ಗಾಸ್ಪೆಲ್ಲಿನ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ ಅವರೇ. ಜಾರ್ಜಿಯಾದ ಬ್ಯಾಪ್ಟಿಸ್ಟ್ ಬೋಧಕರ ಮಗನಾದ ಅವರು 1920ರ ದಶಕದಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪಿಯಾನೋ ನುಡಿಸುತ್ತ, ಮನೆಮಂದಿಯ ಮುಂದೆ ಹಾಡಲಾಗದಂಥ ಪೋಲಿ ಬ್ಲೂಸ್ (ಅಲ್ಲಿನ ಕಪ್ಪು ಜನರ ಲೌಕಿಕ ಸಂಗೀತ) ಹಾಡುಗಳ ರೆಕಾರ್ಡುಗಳನ್ನು ಹೊರತಂದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯೂ ಹಿಂದೆಯೇ ಹಸುಗೂಸೂ ತೀರಿಕೊಂಡಾಗ ಅವರು ಬರೆದ ಗೀತೆಯನ್ನು ಇಂದಿಗೂ ಅಲ್ಲಿನ ಚರ್ಚುಗಳಲ್ಲಿ ಶವಸಂಸ್ಕಾರದ ಹೊತ್ತಿಗೆ ಹಾಡುತ್ತಾರೆ. ಅವರು ಬ್ಲೂಸಿನ ನಡೆಯನ್ನೇ ಪ್ರಾರ್ಥನೆಗೆ ತೊಡಿಸಿದಾಗ ಷಿಕಾಗೋದ ಎಷ್ಟೋ ಚರ್ಚುಗಳು ಅದನ್ನು ಹೆಂಡದಂಗಡಿಯ ಸಂಗೀತವೆಂದು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂದರೆ ಚರ್ಚಿನದೆಂದು ತಾವು ಕಾಪಾಡಲು ಬಯಸುವ ಈ ಧಾಟಿ ಅರ್ಧದಷ್ಟು ಬಾರಿನಿಂದಲೇ ಚರ್ಚಿಗೆ ಬಂದದ್ದು.

ಮರುಪಯಣವೂ ಬೇಗನೇ ಆಯಿತು. ಗಿಟಾರನ್ನು ಹೆಗಲಿಗೇರಿಸಿದ ಗಾಸ್ಪೆಲ್ ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಡಿದಾಗ ಅವರ ಚರ್ಚಿನ ಸಭೆಯವರೇ ಮುನಿದರು. ಗಾಸ್ಪೆಲ್ ತಂಡದಲ್ಲಿದ್ದ ಸ್ಯಾಮ್ ಕುಕ್ ತಮ್ಮ ಮೊದಲ ಪ್ರೇಮಗೀತೆಯನ್ನು 1957ರಲ್ಲಿ ‘ಡೇಲ್ ಕುಕ್’ ಎಂಬ ಸುಳ್ಳು ಹೆಸರಿನಲ್ಲಿ ಹೊರತಂದರು; ಆ ಕಂಠವನ್ನು ಯಾರು ಗುರುತಿಸದೇ ಇರುತ್ತಾರೆ?

ತಮ್ಮ ಪಕ್ಷದಲ್ಲಿ ಒಬ್ಬರು ದೊಡ್ಡವರಿದ್ದಾರೆಂಬುದನ್ನು ನಾನು ಮರೆಮಾಚುವುದಿಲ್ಲ. ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ನೈಟ್‌ಕ್ಲಬ್ಬಿನಲ್ಲಿ ಹಾಡಲು ಒಪ್ಪಲಿಲ್ಲ, ಬ್ಲೂಸನ್ನೂ ಹಾಡಲಿಲ್ಲ. ಡಾರ್ಸಿಯವರ ಗೀತೆಗಳನ್ನು ಊರೂರಿಗೆ ಒಯ್ದವರು ಅವರೇ ಆದ್ದರಿಂದ, ಆ ನಿರಾಕರಣೆಯನ್ನು ಸಂಗೀತ ತಿಳಿಯದವರ ಮಡಿವಂತಿಕೆ ಎಂದು ತಳ್ಳಿಹಾಕಲಾಗದು. ಆದರೆ ಅವರು ಆ ನಿಯಮವನ್ನು ಹಾಕಿಕೊಂಡದ್ದು ತಮ್ಮ ಕಂಠಕ್ಕೆ ಮತ್ತು ತಾವು ಹಾಡುವ ದೇವರ ಹೆಸರಿಗೆ. ದೇವರ ಹೆಸರಿಲ್ಲದ, ಗಿರಣಿಯ ತಾತನ ಹಾಡಿಗೂ ಅದೇ ನಿಯಮವನ್ನು ಅನ್ವಯಿಸುವುದು ನನಗೆ ಸರಿಕಾಣುವುದಿಲ್ಲ. ನಾಳೆ ಈ ಹುಡುಗರು ಆರಾಧನೆಯ ಗೀತೆಯನ್ನೇ ಅಲ್ಲಿ ಹಾಡಿದರೆ ನಾನು ತಮ್ಮ ಜೊತೆಗೇ ನಿಲ್ಲುವೆನೇನೋ.

ಊರಿನ ನಂಟನ್ನು ಕುರಿತು ಹೆಚ್ಚು ಬೆಳೆಸುವುದಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ಇದು; ಕಂಪನಿ ನಾಟಕದಲ್ಲಿ ಭಕ್ತಿಯ ಕಂದವೂ ಹಾಸ್ಯದವನ ಪೋಲಿ ಪದವೂ ಒಂದೇ ರಾತ್ರಿ, ಒಂದೇ ಹಾರ್ಮೋನಿಯಮ್ಮಿನಿಂದ ಹೊರಡುತ್ತಿದ್ದವು. ಸಿ. ಅಶ್ವತ್ಥ್ ಹಾಡಿದ ಶರೀಫರ ತತ್ವಪದಗಳು ಕ್ಯಾಸೆಟ್ಟಿನಲ್ಲಿ ಬಂದ ಮೇಲೆ ಅವು ಲಾರಿಯಲ್ಲಿ, ಖಾನಾವಳಿಯಲ್ಲಿ, ಬಾರಿನ ಗಲ್ಲೆಯ ಪಕ್ಕದಲ್ಲಿ ಎಲ್ಲ ಕಡೆಯೂ ಮೊಳಗಿದವು, ಅದಕ್ಕೆ ಯಾರೂ ಪತ್ರ ಬರೆದದ್ದು ನನಗೆ ನೆನಪಿಲ್ಲ. ಇನ್ನು ಪರಕೀಯತೆಯ ಮಾತು: ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ ಹೆಣೆದರು. ಹೊರಗಿನವರು ನಮ್ಮ ಧಾಟಿಯನ್ನು ಕೈಗೆತ್ತಿಕೊಂಡಾಗ ಹೆಮ್ಮೆಪಟ್ಟ ನಾವು, ನಮ್ಮ ಹುಡುಗರು ಹೊರಗಿನ ಧಾಟಿಯನ್ನು ಎತ್ತಿಕೊಂಡಾಗ ಹುಬ್ಬು ಗಂಟಿಕ್ಕುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ನನಗೆ ಅಲ್ಲಿ ಬೇಸರ ತಂದದ್ದು ಬೇರೆ. ಹಾಡು ಕಾವೇರುವ ಹೊತ್ತಿಗೆ ಟಿ.ವಿ.ಯಲ್ಲಿ ಕ್ರಿಕೆಟ್ಟಿನ ಸಿಕ್ಸರ್ ಬಿದ್ದು ಅರ್ಧ ಅಂಗಳ ಅತ್ತ ತಿರುಗಿತು. ಗಾಯಕಿಯನ್ನು ವಿಚಾರಿಸಿದರೆ, ‘ಚರ್ಚಲ್ಲೂ ಎಲ್ಲರೂ ಕೇಳ್ತಾ ಕೂತಿರ್ತಾರೆ ಅಂತ ಅಂದ್ಕೊಂಡಿದೀರಾ ಸರ್?’ ಎಂದು ಕೇಳಿದಳು. ಅವರಿಗೆ ಸಿಗುವ ಸಂಭಾವನೆ ಐವರಲ್ಲಿ ಹಂಚಿದರೆ ಪೆಟ್ರೋಲಿಗೂ ಗಿಟಾರಿನ ತಂತಿಗೂ ಸಾಲುವಷ್ಟು ಮಾತ್ರ. ಊರಿನ ಸಭಾಭವನಗಳ ಬಾಡಿಗೆಯನ್ನು ಭರಿಸಲಾರದವರಿಗೆ ಹಾಡಲು ಜಾಗ ಕೊಟ್ಟದ್ದು ಆ ಬಾರಿನವರೊಬ್ಬರೇ.

ತಮ್ಮ ಕೊನೆಯ ಪ್ರಶ್ನೆಯನ್ನು ಅವರಿಗೇ ದಾಟಿಸಿದೆ. ತೆರೆದ ಜಾಗದಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲವೆಂದು ಶಬ್ದಮಾಲಿನ್ಯದ ನಿಯಮವಿರುವುದರಿಂದ ಹತ್ತಕ್ಕೆ ಐದು ನಿಮಿಷವಿರುವಾಗಲೇ ಅವರು ತಂತಿಗಳನ್ನು ಸುತ್ತಿಡುತ್ತಾರೆ, ಹನ್ನೊಂದಕ್ಕೆ ಮಲಗುತ್ತಾರೆ, ಬೆಳಗಿನ ಪೂಜೆಗೆ ಗಾನವೃಂದದ ಮೊದಲ ಸಾಲಿನಲ್ಲಿ ಇರುತ್ತಾರೆ. ತಡವಾಗಿ ಬರುವವನು ಡ್ರಮ್ಸಿನ ಹುಡುಗನೊಬ್ಬನೇ. ಅವನು ಮೊದಲಿನಿಂದಲೂ ಹಾಗೆಯೇ ಅಂತೆ.

— ಸಂಪಾದಕ