ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿದವರನ್ನು ಕಂಪನಿಗಳು ಹೇಗೆ ಆರಿಸುತ್ತವೆ? ಅಂಕ ಜಾಸ್ತಿ ಇದ್ದರೆ ಸಾಕಾ?

ಸಾಲದು. ಅಂಕ ಬರೀ ಗೇಟ್ ಪಾಸ್ ಇದ್ದ ಹಾಗೆ. ಎಷ್ಟೋ ಕಂಪನಿಗಳು 60% ಕೇಳುತ್ತವೆ, ಫೇಲಾಗಿ ಬಾಕಿ ಉಳಿದ ವಿಷಯ ಇರಬಾರದು ಅನ್ನುತ್ತವೆ. ಆಮೇಲೆ 62 ಬಂದವರೂ 85 ಬಂದವರೂ ಒಂದೇ ಸಾಲಿನಲ್ಲಿ.

ಮುಂದೆ ಆಪ್ಟಿಟ್ಯೂಡ್ ಪರೀಕ್ಷೆ. ಗಣಿತ, ತರ್ಕ, ಇಂಗ್ಲಿಷ್. ಹೆಚ್ಚು ಜನ ಹೊರಬೀಳುವುದು ಇಲ್ಲೇ, ವಿಷಯ ಗೊತ್ತಿಲ್ಲದೆ ಅಲ್ಲ, ಸಮಯ ಸಾಲದೆ. ಉಳಿದವರಿಗೆ ಸಂದರ್ಶನ. ಪ್ರಾಜೆಕ್ಟ್‌ನಲ್ಲಿ ನೀವೇ ಏನು ಮಾಡಿದಿರಿ ಅಂತ ಕೇಳುತ್ತಾರೆ. ಸುಮ್ನೆ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳವರಿಗೆ ಕ್ಯಾಂಪಸ್ ದಾರಿ ಇದೆ, ಅಂದರೆ ಕಂಪನಿಗಳೇ ಕಾಲೇಜಿಗೆ ಬಂದು ಆರಿಸುತ್ತವೆ. ಬಿ.ಎ., ಬಿ.ಕಾಂ. ಮಾಡಿದವರು ಉದ್ಯೋಗ ಮೇಳ, ಪರಿಚಯದವರ ಶಿಫಾರಸು, ಆನ್‌ಲೈನ್ ಅರ್ಜಿಗಳನ್ನೇ ಜಾಸ್ತಿ ನಂಬಬೇಕು. ಬಿ.ಕಾಂ. ಆದವರು ಊರಲ್ಲೇ ಆಡಿಟರ್ ಆಫೀಸಿನಲ್ಲಿ ಆರು ತಿಂಗಳು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ಕೆಲಸ ಕಲಿತರೆ ಬೆಂಗಳೂರಿನ ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರುತ್ತದೆ, ಅಲ್ವಾ? ಸಂಬಳ ಕಮ್ಮಿ, ಒಪ್ಪುತ್ತೇನೆ.

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಇದೆ, ಗರಿಷ್ಠ 2 ವರ್ಷ. ಓದು ಮುಂದುವರಿಸಿದವರಿಗೆ ಸಿಗುವುದಿಲ್ಲ.