ಎರಡನೇ ಸಲ ಪಿಸ್ತೂಲು ಹಿಡಿದು ಸಿಕ್ಕರೆ? – ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ನಮ್ಮ ಓಣಿಯ ಒಬ್ಬನ ಮೇಲೆ ಚಾಕು ಇರಿತ, ಸುಲಿಗೆ ಅಂತ ಆರೇಳು ಕೇಸ್ ಇವೆ. ರೌಡಿಶೀಟರ್ ಬೇರೆ. ಈಚೆಗೆ ಕಂಟ್ರಿ ಪಿಸ್ತೂಲು ಸಮೇತ ಸಿಕ್ಕಿಬಿದ್ದ. ಈಗ ಜಾಮೀನಿನ ಮೇಲೆ ಬಂದು ನನ್ನ ಅಂಗಡಿ ಎದುರೇ ಚಹಾ ಕುಡಿಯುತ್ತಾನೆ. ಅಮೆರಿಕದಲ್ಲಿ ಇಂಥವರಿಗೆ 15 ವರ್ಷ ಜೈಲಂತೆ. ನಮ್ಮಲ್ಲಿ ಯಾಕಿಲ್ಲ ವಕೀಲರೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಹೊಟ್ಟೆ ಉರಿಯುವುದು ಸಹಜ. ಆದರೆ ಕಾನೂನು ಇಲ್ಲ ಅನ್ನಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಪಿಸ್ತೂಲು ಇಟ್ಟುಕೊಂಡರೆ ಮೊದಲು 1ರಿಂದ 3 ವರ್ಷ ಜೈಲು ಇತ್ತು. 2019ರ ತಿದ್ದುಪಡಿಯಲ್ಲಿ 2ರಿಂದ 5 ಆಯಿತು. ಬಳಸಿದರೆ 3ರಿಂದ 7. ಪಿಸ್ತೂಲು ತೋರಿಸಿ ಸುಲಿಗೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಬದಲಿಗೆ ಬಂದ ಕಾನೂನು) 311ನೇ ಕಲಂ ಪ್ರಕಾರ 7 ವರ್ಷಕ್ಕೆ ಕಡಿಮೆ ಇಲ್ಲ. ಇನ್ನು ಶಸ್ತ್ರಾಸ್ತ್ರ ಕಾಯ್ದೆಯ 31ನೇ ಕಲಂ ನೋಡಿ. ಆ ಕಾಯ್ದೆಯಡಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅದರಡಿಯೇ ತಪ್ಪಿತಸ್ಥನಾದರೆ ಶಿಕ್ಷೆ ದುಪ್ಪಟ್ಟು.

ನಿಮ್ಮ ಓಣಿಯವನ ಮೇಲೆ ಕೇಸುಗಳಿವೆ, ಸರಿ. ಶಿಕ್ಷೆ ಎಷ್ಟರಲ್ಲಿ ಆಗಿದೆ? ರೌಡಿಶೀಟ್ ಅಂದರೆ ಪೊಲೀಸರು ಒಬ್ಬನ ಮೇಲೆ ಕಣ್ಣಿಡಲು ತೆರೆದ ದಾಖಲೆ, ಅಷ್ಟೇ; ಅದು ಶಿಕ್ಷೆಯಲ್ಲ. ನೀವು ಹೇಳುವ ಅಮೆರಿಕದ 1984ರ ಕಾಯ್ದೆಯಲ್ಲೂ ಶಿಕ್ಷೆಯಾಗಿದ್ದರೆ ಮಾತ್ರ ಲೆಕ್ಕ. ಹಿಂಸೆಯ ಅಥವಾ ದೊಡ್ಡ ಡ್ರಗ್ಸ್ ಅಪರಾಧಕ್ಕೆ ಮೂರು ಸಲ ಶಿಕ್ಷೆಯಾದವನು ಬಂದೂಕಿನ ಜೊತೆ ಸಿಕ್ಕರೆ ಕನಿಷ್ಠ 15 ವರ್ಷ. ಬರೀ ಕೇಸ್ ಬಿದ್ದರೆ ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಆ ಮೊದಲ ಶಿಕ್ಷೆಯೇ ಆಗುವುದಿಲ್ಲ, ಅಲ್ವಾ? ಧಾರವಾಡದ ಕೋರ್ಟುಗಳಲ್ಲಿ ಸರ್ಕಾರಿ ವಕೀಲನಾಗಿ ನಾನು ಕಂಡದ್ದು ಇದನ್ನೇ. ಪಿಸ್ತೂಲನ್ನು ಪಂಚರ (ಜಪ್ತಿಗೆ ಸಾಕ್ಷಿಯಾಗಿ ಪೊಲೀಸರು ಕರೆತರುವ ಜನ) ಮುಂದೆ ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಹಾಕಿ, ಸಹಿಯ ಚೀಟಿ ಅಂಟಿಸುತ್ತಾರೆ. ವರ್ಷಗಳು ಕಳೆದ ಮೇಲೆ ಕೋರ್ಟಿನಲ್ಲಿ ಆ ಗಂಟು ಬಿಚ್ಚುತ್ತೇವೆ. ಪಂಚ ಕಟಕಟೆಯಿಂದ ಆರೋಪಿಯ ಕಡೆ ಒಮ್ಮೆ ನೋಡುತ್ತಾನೆ. "ಸಹಿ ನಂದ ಐತ್ರಿ ಸಾಹೇಬ್ರ. ಸ್ಟೇಶನ್‌ದಾಗ ಹಾಕಿಸ್ಕೊಂಡ್ರು. ಈ ಪಿಸ್ತೂಲ್ ನಾ ನೋಡೇ ಇಲ್ರಿ." ಮುಗಿಯಿತು. ಇನ್ನು ಉಳಿಯುವುದು ಪೊಲೀಸರ ಸಾಕ್ಷಿ ಮಾತ್ರ. ಅದರ ಮೇಲೂ ಶಿಕ್ಷೆ ಕೊಡಬಹುದು, ಆದರೆ ಆಗ ಪ್ರತಿ ಕಾಗದವೂ ಗಟ್ಟಿ ಇರಬೇಕು: ಪಿಸ್ತೂಲು ಗುಂಡು ಹಾರಿಸುತ್ತದೆ ಅಂತ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ಕೇಸ್ ಹಾಕಲು ಜಿಲ್ಲಾ ದಂಡಾಧಿಕಾರಿಯ ಅನುಮತಿ. ದುಪ್ಪಟ್ಟು ಶಿಕ್ಷೆ ಬೇಕೆಂದರೆ ಹಳೆಯ ತೀರ್ಪಿನ ದೃಢೀಕೃತ ನಕಲೂ ಬೇಕು. ಆ ನಕಲು ತರುವ ಉಸಾಬರಿ ಯಾರಿಗೂ ಬೇಡ!

ಹಾಗಾಗಿ 15 ವರ್ಷದ ಮಾತಿಗೆ ನನಗೆ ಉತ್ಸಾಹ ಬರುವುದಿಲ್ಲ. ಐದೋ ಹದಿನೈದೋ ಅಂತ ಲೆಕ್ಕ ಹಾಕಿ ಯಾರೂ ಪಿಸ್ತೂಲು ಕೊಳ್ಳುವುದಿಲ್ಲ. 'ಪಂಚ ನಮ್ಮವನೇ, ನೋಡ್ಕೊಂಡ್ರಾತು' ಅನ್ನುವುದು ಅವರ ಲೆಕ್ಕ. ಆದರೆ ಹಿಂದೆ ಶಿಕ್ಷೆಯಾಗಿ, ಮತ್ತೆ ಜನರ ಮೇಲೆ ಗುಂಡು ಹಾರಿಸಿದವನಿಗೆ ಕನಿಷ್ಠ ಶಿಕ್ಷೆ ಕೊಟ್ಟು ಕಳಿಸುವುದನ್ನು ನಾನೂ ಒಪ್ಪುವುದಿಲ್ಲ.

ಅವನು ನಿಮಗೆ ಬೆದರಿಕೆ ಹಾಕಿದರೆ ದಿನ, ಸಮಯ ಬರೆದಿಡಿ. ಸಿಸಿಟಿವಿ ಅಳಿಸುವ ಮೊದಲೇ ನಕಲು ಮಾಡಿಕೊಳ್ಳಿ. ದೂರು ಕೊಟ್ಟರೆ ಸರ್ಕಾರಿ ವಕೀಲರು ಜಾಮೀನು ರದ್ದತಿಗೆ ಅರ್ಜಿ ಹಾಕಬಹುದು. ಸುಮ್ನೆ ಇದ್ದರೆ ಆ ದಾರಿಯೂ ಇಲ್ಲ.

ಪ್ರಶ್ನೆ: ಪಂಚನಾಗಿ ಬನ್ನಿ ಅಂತ ಪೊಲೀಸರು ಕರೆದರೆ ಆಗಲ್ಲ ಅನ್ನಬಹುದೇ? ಮನೆಯಲ್ಲಿ ಬೇಡ ಅಂತಾರೆ.
— ಒಬ್ಬ ಓದುಗ, ಬೆಟಗೇರಿ, ಗದಗ

ಉತ್ತರ: ಶೋಧಕ್ಕೆ ಲಿಖಿತವಾಗಿ ಕರೆದಾಗ ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ ಅದೂ ಅಪರಾಧ. 2024ರ ಜುಲೈ 1ರಿಂದ ಶೋಧ, ಜಪ್ತಿಯ ವಿಡಿಯೊ ಮಾಡಲೇಬೇಕು, ಮೊಬೈಲ್‌ನಲ್ಲಾದರೂ ಸರಿ. ಹಾಗಾಗಿ ಇಡೀ ಕೇಸ್ ನಿಮ್ಮೊಬ್ಬರ ತಲೆ ಮೇಲೆ ಇರುವುದಿಲ್ಲ. ಹೆದರಿಕೆ ಇದ್ದರೆ ಸಾಕ್ಷಿ ಸಂರಕ್ಷಣೆಗೆ ಅರ್ಜಿ ಕೊಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆ ಇದೆ, ಅದರ ಸಮಿತಿಗೆ ಜಿಲ್ಲಾ ನ್ಯಾಯಾಧೀಶರೇ ಮುಖ್ಯಸ್ಥರು.

ಪ್ರಶ್ನೆ: ತೀರಿಕೊಂಡ ಅಪ್ಪನ ಲೈಸೆನ್ಸ್ ಬಂದೂಕು ಅಟ್ಟದ ಮೇಲಿದೆ. ನೆನಪಿಗೆ ಇಟ್ಟುಕೊಳ್ಳಬಹುದೇ?
— ರೈತ, ಹಾನಗಲ್, ಹಾವೇರಿ ಜಿಲ್ಲೆ

ಉತ್ತರ: ಬೇಡ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ. ಈಗ ಸಿಕ್ಕರೆ ನಿಮಗೂ ಅದೇ 2ರಿಂದ 5 ವರ್ಷದ ಕಲಂ. ತಡ ಮಾಡದೆ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತಗೊಳ್ಳಿ. ಬೇಕೇ ಬೇಕು ಅಂದರೆ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ.